ಆರು ಸೀಳಿನ ಗಾಳದ ಕೋಲು

(ಮರಗೆಲಸ ಮತ್ತು ಬಿದಿರಿನ ಕೆಲಸದಲ್ಲಿ ಆಸಕ್ತಿಯುಳ್ಳವರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈಗ ನಿಮ್ಮ ಕೈಯಿಂದ ಕೈಗೆ ಬರುತ್ತಿರುವುದು ಅಡ್ಡಕ್ಕೆ ಕೊಯ್ದ ಬಿದಿರಿನ ತುಂಡು. ಕೊಯ್ದ ಮುಖವನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಹೊರಸಿಪ್ಪೆಯ ಹತ್ತಿರ ಅವು ಒತ್ತೊತ್ತಾಗಿವೆ; ಒಳಗೆ ಹೋದಂತೆ ವಿರಳವಾಗಿ, ಟೊಳ್ಳಿನ ಹತ್ತಿರ ಅಲ್ಲೊಂದು ಇಲ್ಲೊಂದು ಉಳಿದಿವೆ. ಬಿದಿರಿನ ಬಲವೆಲ್ಲ ಆ ಚುಕ್ಕೆಗಳಲ್ಲಿದೆ. ಅವು ಬುಡದಿಂದ ತುದಿಗೆ ಓಡುವ ನಾರಿನ ಕಟ್ಟುಗಳು. ನಡುವಿನ ತಿಳಿಬಣ್ಣದ ಭಾಗ ನಾರುಗಳನ್ನು ಹಿಡಿದಿಡುವ ಮೆದು ತಿರುಳು, ಅಷ್ಟೆ.

ಯಾವುದೇ ಕೋಲನ್ನು ಬಗ್ಗಿಸಿದಾಗ ಎಳೆತ ಮತ್ತು ಒತ್ತಡ ಅತಿ ಹೆಚ್ಚಾಗಿ ಬೀಳುವುದು ಅದರ ಹೊರಮೈಯ ಮೇಲೆ. ನಟ್ಟನಡುವೆ ಏನೂ ಬೀಳುವುದಿಲ್ಲ. ಬಿದಿರು ತನ್ನ ನಾರನ್ನೆಲ್ಲ ಬೇಕಾದ ಕಡೆಯೇ ಇಟ್ಟುಕೊಂಡಿದೆ. ಮನೆಯಲ್ಲಿ ಗಾಳದ ಕೋಲು ಕಟ್ಟುವ ಕೆಲಸವೆಂದರೆ ಈ ಹೊರಗಿನ ಕೆಲವು ಮಿಲಿಮೀಟರ್ ನಾರನ್ನು ಕಡಿಯದೆ, ಸುಡದೆ, ಗೀಚದೆ ಕೋಲಿನ ಹೊರಮೈಗೆ ತಂದು ನಿಲ್ಲಿಸುವುದು. ಇವತ್ತು ನಾನು ಹೇಳುವ ಒಂದೊಂದು ಹಂತವನ್ನೂ ಈ ಮಾತಿನಿಂದಲೇ ಅಳೆದು ನೋಡಿ. ಈ ಹಂತ ನಾರನ್ನು ಕಾಪಾಡುತ್ತಿದೆಯೇ ಎಂದು ಕೇಳಿಕೊಂಡರೆ, ಯಾಕೆ ಹೀಗೆ ಮಾಡಬೇಕು ಎಂಬುದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಯಾವ ಕೋಲಿನ ಬಗ್ಗೆ ಮಾತಾಡುತ್ತಿದ್ದೇನೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೆರೆಯ ದಂಡೆಯಲ್ಲಿ ಎರೆಹುಳು ಸಿಕ್ಕಿಸಿ ಕೂರುವುದಕ್ಕೆ ಇಡೀ ಬಿದಿರುಕಡ್ಡಿ ಸಾಕು, ಇಷ್ಟೆಲ್ಲ ಪಾಡು ಬೇಡ. ಫ್ಲೈ ಮೀನುಗಾರಿಕೆ ಬೇರೆ. ಅಲ್ಲಿ ಗಾಳಕ್ಕೆ ಗರಿ, ರೇಷ್ಮೆ, ಕೂದಲು ಸುತ್ತಿ ಹುಳುವಿನಂತೆ ಮಾಡಿರುತ್ತಾರೆ. ಅದಕ್ಕೆ ತೂಕವೇ ಇರುವುದಿಲ್ಲ, ಎಸೆದರೆ ಹೋಗುವುದಿಲ್ಲ. ತೂಕ ಇರುವುದು ದಾರದಲ್ಲಿ. ಕೋಲು ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮಿದಾಗ ದಾರ ಚಾವಟಿಯಂತೆ ಸುರುಳಿ ಬಿಚ್ಚಿಕೊಂಡು ಹೋಗಿ ಹುಳುವನ್ನು ನೀರಿನ ಮೇಲೆ ಇಳಿಸುತ್ತದೆ. ಹಾಗಾಗಿ ಈ ಕೋಲು ಒಂದು ಸ್ಪ್ರಿಂಗ್. ಬುಡದಿಂದ ತುದಿಯವರೆಗೆ ಅದರ ಬಿಗಿತ ಲೆಕ್ಕಾಚಾರದಂತೆ ಇಳಿಯುತ್ತ ಹೋಗಬೇಕು. ಇಡೀ ಬಿದಿರುಕಡ್ಡಿಯಲ್ಲಿ ಆ ಇಳಿತ ನಮ್ಮ ಕೈಯಲ್ಲಿಲ್ಲ, ಅದು ಬೆಳೆದಂತೆ ಬೆಳೆದಿರುತ್ತದೆ. ಬಿದಿರನ್ನು ಸೀಳಿ, ತ್ರಿಕೋನದ ಆರು ಕಡ್ಡಿಗಳಾಗಿ ಕೀಸಿ, ಸಿಪ್ಪೆಯ ಕಡೆ ಹೊರಗೆ ಬರುವಂತೆ ಅಂಟಿಸಿದರೆ ಹೊರಗೆಲ್ಲ ನಾರು, ಒಳಗೆಲ್ಲ ತಿರುಳು ಇರುವ ಷಟ್ಕೋನದ ಕೋಲು ಸಿಗುತ್ತದೆ. ಅದರ ದಪ್ಪ ಎಲ್ಲಿ ಎಷ್ಟಿರಬೇಕು ಎಂಬುದನ್ನು ನಾವು ನಿರ್ಧರಿಸಬಹುದು.

ಆರೇ ಯಾಕೆ? ನಾಲ್ಕು ಮತ್ತು ಐದು ಸೀಳಿನ ಕೋಲುಗಳೂ ಇವೆ, ಅವನ್ನು ಮೆಚ್ಚುವವರೂ ಇದ್ದಾರೆ. ಆದರೆ ಸಮಬಾಹು ತ್ರಿಕೋನದ ಮೂರು ಮೂಲೆಗಳೂ 60 ಡಿಗ್ರಿ. ಕೀಸುವಾಗ ಕಡ್ಡಿಯನ್ನು ಮಗುಚಿ ಮಗುಚಿ ಅದೇ ತೋಡಿನಲ್ಲಿ ಇಡಬಹುದು. ಮನೆಯಲ್ಲಿ ಕೈಯಿಂದ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಈ ವಿದ್ಯೆ ಮನೆಯವರಿಗೆ ಸುಲಭವಾಗಿ ದಕ್ಕಿದ್ದಲ್ಲ. ಅಮೆರಿಕದಲ್ಲಿ ಇದರ ಆರಂಭವನ್ನು ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಸ್ಯಾಮ್ಯುಯೆಲ್ ಫಿಲಿಪ್ ಅವರ ಹೆಸರಿಗೆ ಹಾಕುತ್ತಾರೆ. ಕೋವಿ ಮತ್ತು ಪಿಟೀಲು ಎರಡನ್ನೂ ತಯಾರಿಸುತ್ತಿದ್ದ ಅವರು 1840ರ ದಶಕದಲ್ಲಿ ಸೀಳುಬಿದಿರಿನ ಕೋಲುಗಳನ್ನು ಮಾಡಿದರು. ಅದಕ್ಕೆ ಮುಂಚೆ ಕೋಲುಗಳು ಹಿಕರಿ, ಆಶ್, ಲಾನ್ಸ್‌ವುಡ್, ಗ್ರೀನ್‌ಹಾರ್ಟ್‌ನಂತಹ ಗಟ್ಟಿ ಮರಗಳವಾಗಿದ್ದವು, ತೂಕವೂ ಹೆಚ್ಚಿತ್ತು. 1870ರ ದಶಕದಲ್ಲಿ ಮೇನ್ ರಾಜ್ಯದ ಬ್ಯಾಂಗರ್‌ನಲ್ಲಿ ಹೈರಮ್ ಲೆನರ್ಡ್ ಸೀಳುಗಳನ್ನು ಓರೆಯಾಗಿ ಕತ್ತರಿಸುವ ಯಂತ್ರ ಮಾಡಿಕೊಂಡರು. ಅದನ್ನು ಹೊರಗಿನವರಿಗೆ ತೋರಿಸುತ್ತಿರಲಿಲ್ಲ. ಅವರ ಕಾರ್ಖಾನೆಯಲ್ಲಿ ದುಡಿದ ಎಡ್ವರ್ಡ್ ಪೇನ್, ಫ್ರೆಡ್ ಥಾಮಸ್, ಯೂಸ್ಟಿಸ್ ಎಡ್ವರ್ಡ್ಸ್ ಮುಂದೆ ತಮ್ಮದೇ ಕೋಲುಗಳನ್ನು ಮಾಡಿ ಹೆಸರು ಗಳಿಸಿದರು. ಹೀಗೆ ವಿದ್ಯೆ ಕಾರ್ಖಾನೆಯಿಂದ ಕಾರ್ಖಾನೆಗೆ ಹರಡಿತೇ ಹೊರತು ಬಾಗಿಲಿನ ಹೊರಗೆ ನಿಂತವರಿಗೆ ಸಿಕ್ಕಿದ್ದು ಕಡಿಮೆ.

ಅದನ್ನು ಬಯಲಿಗೆ ತಂದವರಲ್ಲಿ ನನಗೆ ಅತಿ ದೊಡ್ಡವರಾಗಿ ಕಾಣುವುದು ಎವರೆಟ್ ಗ್ಯಾರಿಸನ್. ನ್ಯೂಯಾರ್ಕ್ ಕಡೆಯ ಎಂಜಿನಿಯರ್. ಕೋಲನ್ನು ಸೇತುವೆಯ ತೊಲೆಯಷ್ಟೇ ಗಂಭೀರವಾಗಿ ತೆಗೆದುಕೊಂಡು, ಐದೈದು ಇಂಚಿಗೆ ಎಷ್ಟು ಒತ್ತಡ ಬೀಳುತ್ತದೆ ಎಂದು ಲೆಕ್ಕ ಹಾಕಿ, ಅದರಿಂದ ದಪ್ಪದ ಅಂಕಿಗಳನ್ನು ಪಡೆದರು. 1975ರಲ್ಲಿ ಅವರು ತೀರಿಕೊಂಡ ಮೇಲೆ, ಹೋಗೀ ಕಾರ್ಮೈಕೇಲ್ ಎಂಬ ಶಿಷ್ಯ ಗುರುವಿನ ಕೆಲಸದ ಒಂದೊಂದು ಹಂತವನ್ನೂ ಬರೆದಿಟ್ಟ ಪುಸ್ತಕ 1977ರಲ್ಲಿ ಹೊರಬಂತು. ಇಂದು ಮನೆಯ ಹಿತ್ತಲಲ್ಲಿ ಕೋಲು ಕಟ್ಟುವ ಎಷ್ಟೋ ಜನರ ಕೆಲಸದ ಬುಡ ಅಲ್ಲಿದೆ. ಗುಟ್ಟು ಬಿಟ್ಟುಕೊಟ್ಟವರನ್ನು ನಾವು ಸಾಕಷ್ಟು ನೆನೆಯುವುದಿಲ್ಲ ಎಂದು ನನ್ನ ಭಾವನೆ.

ಈ ಕಥೆಯಲ್ಲಿ ನಮ್ಮ ಬಿದಿರೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ, ಇಂಗ್ಲೆಂಡಿನ ಕುಶಲಿಗಳು ಬಳಸುತ್ತಿದ್ದುದು ಕಲ್ಕತ್ತೆಯ ಬಂದರಿನಿಂದ ಹಡಗು ಹತ್ತಿದ ಭಾರತದ ಬಿದಿರು. ವ್ಯಾಪಾರದಲ್ಲಿ ಅದಕ್ಕೆ ‘ಕಲ್ಕತ್ತಾ ಕೇನ್’ ಎಂದೇ ಹೆಸರು. ಅದನ್ನು ಸಾಮಾನ್ಯವಾಗಿ ನಮ್ಮ ಒಣಕಾಡುಗಳಲ್ಲಿ ಬೆಳೆಯುವ ಗಂಡುಬಿದಿರು, ಅಂದರೆ ಕಿರುಬಿದಿರು ಎಂದು ಗುರುತಿಸುತ್ತಾರೆ. ಹಳೆಯ ಕೋಲುಗಳಲ್ಲಿ ಆ ಬಿದಿರಿನ ಗುರುತು ಹಿಡಿಯುವುದು ಮೈಮೇಲಿನ ಸುಟ್ಟ ಕಲೆಗಳಿಂದ. ಆಮೇಲೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಬಿದಿರು ಬಂತು. ಟೊಂಕಿನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಆ ಬಿದಿರು ನೆಟ್ಟಗೆ ಬೆಳೆಯುತ್ತದೆ, ಗೆಣ್ಣು ಉಬ್ಬಿರುವುದಿಲ್ಲ, ನಾರಿನ ಪದರ ದಪ್ಪ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ನಮ್ಮ ಬಿದಿರನ್ನು ಬದಿಗೆ ಸರಿಸಿತು. ಗ್ವಾಂಗ್‌ಝೌನ ಲಿಂಗ್ನಾನ್ ವಿಶ್ವವಿದ್ಯಾಲಯದಲ್ಲಿದ್ದ ಸಸ್ಯವಿಜ್ಞಾನಿ ಎಫ್. ಎ. ಮೆಕ್ಲೂರ್ 1931ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟರು. 1950ರಲ್ಲಿ ಅಮೆರಿಕ ಚೀನಾದೊಡನೆ ವ್ಯಾಪಾರ ನಿಲ್ಲಿಸಿದಾಗ ಟೊಂಕಿನ್ ಸಿಗದಾಯಿತು. ಅದೇ ಹೊತ್ತಿಗೆ ಗಾಜಿನೆಳೆಯ ಕೋಲುಗಳು ಅಂಗಡಿ ತುಂಬಿದವು. 1970ರ ದಶಕದ ಆರಂಭದಲ್ಲಿ ವ್ಯಾಪಾರ ಮತ್ತೆ ತೆರೆಯುವ ಹೊತ್ತಿಗೆ ಕಾರ್ಬನ್ ನಾರಿನ ಕೋಲುಗಳ ಕಾಲ ಬರುತ್ತಿತ್ತು. ಬಿದಿರಿನ ಕೋಲು ಕಾರ್ಖಾನೆಯನ್ನು ಬಿಟ್ಟು ಮನೆಯ ಕೆಲಸದ ಮೇಜಿಗೆ ಬಂದದ್ದು ಹಾಗೆ.

ಈಗ ಕೆಲಸಕ್ಕೆ ಬರೋಣ.

ಗಳ ಆರಿಸುವಾಗ ಬಲಿತದ್ದನ್ನು ಆರಿಸಬೇಕು. ಮೂರು ನಾಲ್ಕು ವರ್ಷ ನಿಂತದ್ದಾದರೆ ಒಳ್ಳೆಯದು. ಎಳೆಯ ಬಿದಿರಿನಲ್ಲಿ ನೀರು ಜಾಸ್ತಿ, ಒಣಗಿದಾಗ ಸುಕ್ಕುತ್ತದೆ. ಪಿಷ್ಟ ಹೆಚ್ಚಿದ್ದರೆ ಕುಟ್ಟೆಹುಳು ಹಿಡಿಯುತ್ತದೆ. ಗಳವನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿ. ಒಣಗುವಾಗ ಉದ್ದಕ್ಕೆ ಒಂದು ಬಿರುಕು ನಾವೇ ಕೊಟ್ಟುಬಿಟ್ಟರೆ ಅದು ಕಂಡ ಕಂಡಲ್ಲಿ ಬಿರಿಯುವುದಿಲ್ಲ.

ಸೀಳುವುದಕ್ಕೆ ಗರಗಸ ಮುಟ್ಟಬೇಡಿ. ಮೇದಾರರು ಬಿದಿರು ಸೀಳುವುದನ್ನು ನೀವೆಲ್ಲ ನೋಡಿದ್ದೀರಿ. ಕತ್ತಿ ಬಾಯಿ ಬಿಡಿಸುತ್ತದೆ, ಆಮೇಲೆ ಬಿದಿರು ತನ್ನ ನಾರಿನ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ದಬ್ಬೆ ಒಂದು ಕಡೆಗೆ ತೆಳುವಾಗುತ್ತ ಹೋದರೆ ದಪ್ಪದ ಕಡೆಯನ್ನು ಸ್ವಲ್ಪ ಬಗ್ಗಿಸಿ ಸೀಳನ್ನು ಮತ್ತೆ ನಡುವಿಗೆ ಎಳೆಯುತ್ತಾರೆ. ಈ ಕೈಚಳಕವನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ನಮ್ಮೂರಿನ ಬುಟ್ಟಿ ಹೆಣೆಯುವವರ ಬಳಿ ಕಲಿಯಬಹುದು. ದಯವಿಟ್ಟು ಹೋಗಿ ಕಲಿಯಿರಿ, ಕಲಿಸಿದ್ದಕ್ಕೆ ಹಣ ಕೊಡಿ. ಗರಗಸ ನೇರವಾಗಿ ಹೋಗುತ್ತದೆ, ನಾರು ನೇರವಾಗಿ ಇರುವುದಿಲ್ಲ. ಗರಗಸ ಅಡ್ಡ ಕಡಿದ ನಾರು ಕೋಲಿನ ಲೆಕ್ಕದಲ್ಲಿ ಇಲ್ಲದ ನಾರು.

ಏಳೂವರೆ ಅಡಿಯ, ಎರಡು ತುಂಡಿನ ಕೋಲಿಗೆ ಬುಡದ ಭಾಗಕ್ಕೆ ಆರು ಸೀಳು ಬೇಕು. ತುದಿಯ ಭಾಗ ಬೇಗ ಮುರಿಯುವುದರಿಂದ ಎರಡು ತುದಿ ಮಾಡುವುದು ರೂಢಿ, ಅದಕ್ಕೆ ಹನ್ನೆರಡು. ಒಟ್ಟು ಹದಿನೆಂಟು ಸೀಳು, ಒಂದೊಂದೂ ಸುಮಾರು ನಾಲ್ಕಡಿ. ಆರು ಸೀಳನ್ನು ಜೋಡಿಸುವಾಗ ಗೆಣ್ಣುಗಳೆಲ್ಲ ಒಂದೇ ಕಡೆ ಬರದಂತೆ ಮೇಲೆ ಕೆಳಗೆ ಸರಿಸಿ ಕತ್ತರಿಸಿಕೊಳ್ಳಬೇಕು. ಗೆಣ್ಣಿನಲ್ಲಿ ನಾರು ಸೊಟ್ಟಗೆ ತಿರುಗಿರುತ್ತದೆ. ಕೋಲಿನ ದುರ್ಬಲ ಜಾಗ ಅದು. ಆರು ದುರ್ಬಲ ಜಾಗಗಳು ಒಂದರ ಪಕ್ಕ ಒಂದು ಬಂದರೆ ಕೋಲು ಅಲ್ಲೇ ಮುರಿಯುತ್ತದೆ.

ಗೆಣ್ಣಿನ ಉಬ್ಬನ್ನು ಅರದಿಂದ ತೆಗೆಯುವಾಗ ಅಕ್ಕಪಕ್ಕದ ಸಿಪ್ಪೆಯ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ. ಉಳಿದ ಸೊಟ್ಟವನ್ನು ಶಾಖದಿಂದ ತಿದ್ದಬೇಕು. ಹೀಟ್ ಗನ್ ಅಥವಾ ಸ್ಪಿರಿಟ್ ದೀಪದ ಮೇಲೆ ಗೆಣ್ಣನ್ನು ಆಡಿಸುತ್ತ ಬಿಸಿ ಮಾಡಿದರೆ ನಾರುಗಳನ್ನು ಅಂಟಿಸಿಟ್ಟಿರುವ ಲಿಗ್ನಿನ್ ಮೆದುವಾಗುತ್ತದೆ. ಆಗ ವೈಸಿನಲ್ಲಿ ಒತ್ತಿ ಹಿಡಿದು ತಣ್ಣಗಾಗಲು ಬಿಟ್ಟರೆ ಸೀಳು ನೇರವಾಗಿ ನಿಲ್ಲುತ್ತದೆ. ಇದು ಬೇಸರ ತರುವಷ್ಟು ನಿಧಾನದ ಕೆಲಸ, ಹದಿನೆಂಟು ಸೀಳಿನ ಪ್ರತಿ ಗೆಣ್ಣಿಗೂ ಮಾಡಬೇಕು. ಇಲ್ಲಿ ಅವಸರ ಮಾಡಿದ ಕೋಲಿನಲ್ಲಿ ಮುಂದೆ ಎಷ್ಟು ಕೀಸಿದರೂ ಸರಿಯಾಗದ ಸೊಟ್ಟ ಉಳಿಯುತ್ತದೆ.

ಕೀಸುವುದು ಎರಡು ಹಂತ. ಮೊದಲು ಗಟ್ಟಿ ಮರದ ಅಚ್ಚಿನಲ್ಲಿ, 60 ಡಿಗ್ರಿಯ ತೋಡಿನಲ್ಲಿ ಸೀಳನ್ನು ಇಟ್ಟು ಒರಟಾಗಿ ತ್ರಿಕೋನಕ್ಕೆ ತರುವುದು. ಆಮೇಲೆ ಸೀಳುಗಳನ್ನು ಆರಾರಾಗಿ ದಾರದಿಂದ ಬಿಗಿದು ಕಟ್ಟಿ ಒಲೆಯಲ್ಲಿ ಕಾಯಿಸುವುದು. ಉದ್ದನೆಯ ಲೋಹದ ಕೊಳವೆಯ ಒಂದು ತುದಿಗೆ ಹೀಟ್ ಗನ್ ಹೊಂದಿಸಿದರೆ ಮನೆಯಲ್ಲೇ ಒಲೆಯಾಗುತ್ತದೆ. ಸುಮಾರು 175ರಿಂದ 190 ಡಿಗ್ರಿ ಸೆಲ್ಸಿಯಸ್, ಹತ್ತು ನಿಮಿಷದ ಆಸುಪಾಸು. ಒಲೆಯಿಂದ ಒಲೆಗೆ ಇದು ಬದಲಾಗುತ್ತದೆ, ಹಾಳಾದರೂ ಪರವಾಗಿಲ್ಲದ ಸೀಳುಗಳಲ್ಲಿ ಮೊದಲು ಪರೀಕ್ಷಿಸಿ. ನೀರಿನಂಶ ಹೋಗಿ, ಬಿದಿರು ಬಿಗಿಯಾಗಿ, ಬಾಗಿದರೆ ಬೇಗ ನೆಟ್ಟಗಾಗುವ ಗುಣ ಬರುತ್ತದೆ. ಹೆಚ್ಚು ಕಾಯಿಸಿದರೆ ಗಾಜಿನಂತೆ ಪೆಳಸಾಗುತ್ತದೆ.

ಎರಡನೆಯ ಕೀಸುವಿಕೆಯೇ ಕೋಲಿನ ಹುಟ್ಟು. ಇಲ್ಲಿ ಬೇಕಾದ ಉಪಕರಣ ಉಕ್ಕಿನ ಅಚ್ಚು: ಐದಾರು ಅಡಿ ಉದ್ದದ ಎರಡು ಚೌಕ ಸರಳುಗಳು, ಪಕ್ಕಪಕ್ಕದಲ್ಲಿ. ಅವುಗಳ ನಡುವಿನ ಮೂಲೆಗಳನ್ನು ಓರೆಯಾಗಿ ಕೀಸಿದ್ದರಿಂದ 60 ಡಿಗ್ರಿಯ ತೋಡು ಉಂಟಾಗುತ್ತದೆ. ಪ್ರತಿ 5 ಇಂಚಿಗೆ ಒಂದು ಜೋಡಿ ಸ್ಕ್ರೂ, ಒಂದು ಸರಳುಗಳನ್ನು ಹತ್ತಿರ ಎಳೆಯುತ್ತದೆ, ಇನ್ನೊಂದು ದೂರ ತಳ್ಳುತ್ತದೆ. ಹೀಗೆ ತೋಡಿನ ಆಳವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬೇಕಾದಂತೆ ಇಳಿಸಬಹುದು. ಆಳ ಅಳೆಯಲು ಚೂಪು ಮೊನೆಯ ಡಯಲ್ ಗೇಜ್. ಪೀಣ್ಯದಂತಹ ಕಡೆ ಲೇತ್, ಮಿಲ್ಲಿಂಗ್ ಯಂತ್ರ ಇಟ್ಟುಕೊಂಡವರಿಗೆ ನಕ್ಷೆ ಕೊಟ್ಟರೆ ಇದನ್ನು ಮಾಡಿಕೊಡುತ್ತಾರೆ. ಇಡೀ ಕೆಲಸದಲ್ಲಿ ಹಣ ಖರ್ಚು ಮಾಡಬೇಕಾದದ್ದು ಇದರ ಮೇಲೆ. ಉಳಿದದ್ದೆಲ್ಲ ಬಡಗಿಯ ಪೆಟ್ಟಿಗೆಯಲ್ಲಿ ಸಿಗುತ್ತದೆ.

ಇಷ್ಟು ನಿಖರತೆ ಯಾಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಕೋಲಿನ ಬಿಗಿತ ಅದರ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಶೇಕಡಾ 10 ಹೆಚ್ಚಾದರೆ ಬಿಗಿತ ಶೇಕಡಾ 46 ಹೆಚ್ಚಾಗುತ್ತದೆ. ಬುಡದಲ್ಲಿ ಕೋಲಿನ ದಪ್ಪ ಎದುರು ಮುಖದಿಂದ ಮುಖಕ್ಕೆ ಸುಮಾರು 8 ಮಿಲಿಮೀಟರ್; ಒಂದೊಂದು ಸೀಳಿನ ಎತ್ತರ ಅದರ ಅರ್ಧ, 4 ಮಿಲಿಮೀಟರ್. ತುದಿಯಲ್ಲಿ ಕೋಲು ಸುಮಾರು 1.7 ಮಿಲಿಮೀಟರ್, ಅಂದರೆ ಸೀಳು 0.85. ಆ ತುದಿಯಲ್ಲಿ ಪ್ರತಿ ಸೀಳೂ 0.05 ಮಿಲಿಮೀಟರ್ ದಪ್ಪ ಉಳಿದರೆ ಕೋಲು 1.8 ಆಗುತ್ತದೆ, ಬಿಗಿತ ನಾಲ್ಕನೆಯ ಒಂದು ಭಾಗದಷ್ಟು ಏರುತ್ತದೆ. ಕೈಯಲ್ಲಿ ಹಿಡಿದವರಿಗೆ ಅದು ಬೇರೆಯದೇ ಕೋಲು. ಕಣ್ಣಂದಾಜಿಗೆ ಇಲ್ಲಿ ಜಾಗವಿಲ್ಲ. ಆದರೆ ಈ ನಿಖರತೆ ಅಚ್ಚಿನಲ್ಲಿದೆ, ಕೈಯಲ್ಲಿ ಇರಬೇಕಾಗಿಲ್ಲ. ಕೀಸುಳಿ ಉಕ್ಕಿಗೆ ತಾಗುವವರೆಗೆ ಕೀಸಿದರೆ ಸಾಕು. ಹೊಸಬರು ಮೊದಲ ಕೋಲನ್ನೇ ಚೆನ್ನಾಗಿ ಮಾಡಬಲ್ಲರು ಎಂದು ನಾನು ಧೈರ್ಯವಾಗಿ ಹೇಳುವುದು ಇದರಿಂದಲೇ.

ಕೀಸುವುದು ಒಳಗಿನ ಎರಡು ಮುಖಗಳನ್ನು ಮಾತ್ರ. ಸಿಪ್ಪೆಯ ಮುಖಕ್ಕೆ ಕೀಸುಳಿ ತಾಗಿಸಲೇಬಾರದು. ಕೊನೆಗೆ ಅದರ ಮೇಲಿನ ಹೊಳಪಿನ ಪೊರೆಯನ್ನು ಚೂಪು ಅಲಗಿನಿಂದ ಒಂದೆರಡು ಸಲ ಹೆರೆದರೆ ಮುಗಿಯಿತು. ಅಲಗು ಕೂದಲು ಬೋಳಿಸುವಷ್ಟು ಹರಿತವಿರಬೇಕು. ಬಿದಿರಿನ ಮೈಯಲ್ಲಿ ಸಿಲಿಕಾ ಇದೆ, ಅದು ಉಕ್ಕಿನ ಹರಿತವನ್ನು ಬೇಗ ತಿನ್ನುತ್ತದೆ. ಮೊಂಡಾದ ಅಲಗು ಗೆಣ್ಣಿನ ಹತ್ತಿರ ನಾರನ್ನು ಕತ್ತರಿಸುವುದಿಲ್ಲ, ಕಿತ್ತು ಎಳೆಯುತ್ತದೆ. ಸೀಳು ಬದಲಿಸಿದಾಗಲೆಲ್ಲ ಸಾಣೆ ಹಿಡಿಯುವುದು ಅಭ್ಯಾಸವಾಗಲಿ. ಕೋಲು ಕಟ್ಟುವವರ ಸಮಯದಲ್ಲಿ ದೊಡ್ಡ ಪಾಲು ಸಾಣೆಕಲ್ಲಿನ ಮುಂದೆ ಹೋಗುತ್ತದೆ, ಹೋಗಬೇಕು.

ಅಂಟಿನ ವಿಷಯದಲ್ಲಿ ಹಳಬರಿಗೆ ಆಯ್ಕೆ ಇರಲಿಲ್ಲ. ಚರ್ಮ ಬೇಯಿಸಿ ತೆಗೆದ ಸರೇಸು ಬಿಸಿಯಿದ್ದಾಗ ಮಾತ್ರ ಹಚ್ಚಲು ಬರುತ್ತದೆ, ನೀರು ತಾಗಿದರೆ ಬಿಡುತ್ತದೆ. ಆ ಕೋಲುಗಳ ಮೈಗೆ ಅಷ್ಟೊಂದು ರೇಷ್ಮೆಯ ಕಟ್ಟುಗಳಿರುವುದು ಅದಕ್ಕೇ. ಈಗ ಎಪಾಕ್ಸಿ, ರಿಸಾರ್ಸಿನಾಲ್, ಯೂರಿಯಾ ಫಾರ್ಮಾಲ್ಡಿಹೈಡ್ ಅಂಟುಗಳಿವೆ. ಮನೆಯಲ್ಲಿ ಮಾಡುವವರಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಒಳ್ಳೆಯದು ಎನ್ನುತ್ತೇನೆ. ಸೀಳುಗಳನ್ನು ಸರಿಪಡಿಸಿಕೊಳ್ಳಲು ಅದು ಸಮಯ ಕೊಡುತ್ತದೆ. ಬಡಗಿಗಳ ಸಾಮಾನ್ಯ ಬಿಳಿ ಅಂಟು ಬೇಡ. ಅದು ಒಣಗಿದ ಮೇಲೂ ಭಾರಕ್ಕೆ ನಿಧಾನವಾಗಿ ಜಾರುತ್ತದೆ. ಮೇಜಿಗೆ ಅದರಿಂದ ತೊಂದರೆಯಿಲ್ಲ, ಬಾಗುತ್ತಲೇ ಇರುವ ಕೋಲು ಮಾತ್ರ ಬಾಗಿದಂತೆಯೇ ಉಳಿದುಬಿಡುತ್ತದೆ.

ಆರು ಸೀಳನ್ನು ಸಿಪ್ಪೆ ಕೆಳಗಾಗಿ ಪಕ್ಕಪಕ್ಕ ಹಾಸಿ, ಟೇಪಿನಿಂದ ಹಿಡಿಸಿ, ಅಂಟು ಬಳಿದು, ಚಾಪೆ ಸುತ್ತುವಂತೆ ಮಡಚಿದರೆ ಷಟ್ಕೋನವಾಗುತ್ತದೆ. ಆಮೇಲೆ ಗಟ್ಟಿ ಹತ್ತಿದಾರವನ್ನು ಒಂದೇ ಬಿಗಿತದಲ್ಲಿ ಒಂದು ದಿಕ್ಕಿನಿಂದ ಸುತ್ತಿ, ಮತ್ತೆ ಎದುರು ದಿಕ್ಕಿನಿಂದ ಸುತ್ತಬೇಕು. ಒಂದೇ ದಿಕ್ಕಿಗೆ ಸುತ್ತಿದರೆ ಕೋಲು ತಿರುಚಿಕೊಳ್ಳುತ್ತದೆ. ಅಂಟು ಹಸಿಯಿರುವಾಗಲೇ ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ ನೆಟ್ಟಗೆ ಮಾಡಿ, ತೂಗುಹಾಕಿ. ಮೊದಲು ಬೆಲೆಬಾಳದ ಸೀಳುಗಳಲ್ಲಿ ಒಂದು ಗೇಣುದ್ದ ಅಂಟಿಸಿ ನೋಡಿ. ಅಂಟಿನ ಗೆರೆ ಹೊರಗೆ ದಪ್ಪ, ಒಳಗೆ ಇಲ್ಲವೆಂದಾದರೆ ಮೂಲೆ 60 ಡಿಗ್ರಿಗಿಂತ ಕಿರಿದಾಗಿದೆ. ಹೊರಗೆ ಮುಚ್ಚಿ ಒಳಗೆ ಬಾಯಿ ಬಿಟ್ಟಿದ್ದರೆ ಮೂಲೆ ಅಗಲವಾಗಿದೆ.

ಉಳಿದ ಕೆಲಸಗಳು ಅಚ್ಚುಕಟ್ಟಿನವು, ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡು ತುಂಡುಗಳು ಸೇರುವಲ್ಲಿ ಜರ್ಮನ್ ಸಿಲ್ವರಿನ ಕೊಳವೆ ಜೋಡಣೆ. ಇದನ್ನು ಕೊಂಡುಕೊಳ್ಳಿ, ಗಾಳಿಯೂ ಹೋಗದಷ್ಟು ಬಿಗಿಯಾಗಿ ಕೂರುವಂತೆ ಮಾಡುವುದು ಲೇತಿನ ಪಳಗಿದ ಕೈಗೆ ಸೇರಿದ್ದು. ಹಿಡಿಕೆಗೆ ಕಾರ್ಕ್ ಬಿಲ್ಲೆಗಳನ್ನು ಅಂಟಿಸಿ ಕಡೆದುಕೊಳ್ಳಬೇಕು. ದಾರ ಹಾಯುವ ಬಳೆಗಳನ್ನು ತೆಳು ರೇಷ್ಮೆದಾರದಿಂದ ಕಟ್ಟಬೇಕು. ಮೇಲೆ ವಾರ್ನಿಷ್, ತೆಳುವಾಗಿ ಕೆಲವು ಸಲ, ಧೂಳಿಲ್ಲದ ಕೋಣೆಯಲ್ಲಿ.

ಇನ್ನು ಪ್ರಶ್ನೆಗಳು.

ನಮ್ಮ ಬಿದಿರಿನಲ್ಲಿ ಮಾಡಬಹುದೇ ಎಂದು ಹಲವರು ಕೇಳಿದರು. ಒಂದು ಕಾಲಕ್ಕೆ ಜಗತ್ತು ಅದರಲ್ಲೇ ಮಾಡಿತು ಎಂಬುದೇ ಮೊದಲ ಉತ್ತರ. ಗಂಡುಬಿದಿರು ಒಣನೆಲದಲ್ಲಿ ಬಹುತೇಕ ಟೊಳ್ಳಿಲ್ಲದೆ ಗಟ್ಟಿಯಾಗಿ ಬೆಳೆಯುತ್ತದೆ, ನಾರೂ ಬಲವಾದದ್ದು. ಅದರ ತೊಂದರೆ ಗೆಣ್ಣಿನ ಉಬ್ಬು ಮತ್ತು ಗಳದ ಸೊಟ್ಟ. ಕಾರ್ಖಾನೆಗೆ ಅದು ದೊಡ್ಡ ನಷ್ಟವಾಗಿತ್ತು, ನೂರು ಗಳದಲ್ಲಿ ಹೆಚ್ಚಿನವನ್ನು ಎಸೆಯಲು ಯಾವ ವ್ಯಾಪಾರಿಗೂ ಆಗದು. ಮನೆಯಲ್ಲಿ ಒಂದು ಕೋಲು ಕಟ್ಟುವವರಿಗೆ ನೆಟ್ಟಗಿನ ಒಂದೆರಡು ಗಳ ಸಾಕು. 2017ರ ತಿದ್ದುಪಡಿಯ ನಂತರ ಭಾರತೀಯ ಅರಣ್ಯ ಕಾಯ್ದೆ ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರವೆಂದು ಎಣಿಸುವುದಿಲ್ಲ. ತೋಟದ ಬೇಲಿಯಲ್ಲಿ ಬೆಳೆಸಿ, ಬಲಿತದ್ದನ್ನು ಆರಿಸಿ ಕಡಿದು, ಒಣಗಿಸಿ, ಪರೀಕ್ಷಿಸಿ ಬರೆದಿಡುವ ಕೆಲಸ ಈ ಸಭೆಯಲ್ಲಿರುವವರಿಂದ ಆಗಲಿ ಎಂಬುದು ನನ್ನ ಆಸೆ. ಯಾವ ಮಣ್ಣಿನದು, ಎಷ್ಟು ವರ್ಷದ್ದು, ನಾರಿನ ಪದರ ಎಷ್ಟು ದಪ್ಪ ಎಂಬುದನ್ನು ಬರೆಯಿರಿ. ಅದು ಇನ್ನೊಬ್ಬರಿಗೆ ದಾರಿಯಾಗುತ್ತದೆ.

ಕಾವೇರಿಯ ಮಹಶೀರ್ ಹಿಡಿಯಲು ಈ ಕೋಲು ತಡೆಯುತ್ತದೆಯೇ ಎಂದು ಒಬ್ಬರು ಕೇಳಿದರು. ನಾನು ವಿವರಿಸಿದ ಏಳೂವರೆ ಅಡಿಯ ಕೋಲು ಟ್ರೌಟ್‌ನಂತಹ ಸಣ್ಣ ಮೀನಿಗೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡ್ ತೂಗಿತು. ಅಂಥದ್ದಕ್ಕೆ ಇದು ಕಡ್ಡಿ. ಅದಿರಲಿ, ಕಾವೇರಿಯ ಉಬ್ಬುಬೆನ್ನಿನ ಮಹಶೀರ್ ಇಂದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದನ್ನು ನೀರಿನಲ್ಲೇ ಬಿಡೋಣ. ಎಲ್ಲಿ ಗಾಳ ಹಾಕುವುದಾದರೂ ಅಲ್ಲಿನ ಮೀನುಗಾರಿಕೆ ಅಥವಾ ಅರಣ್ಯ ಇಲಾಖೆಯ ಪರವಾನಗಿ ಕೇಳಿ ಹೋಗಿ.

ಮಳೆಗಾಲದಲ್ಲಿ ಕೋಲು ಬಾಗಿದರೆ ಏನು ಮಾಡಬೇಕು ಎಂಬುದು ಕೊನೆಯ ಪ್ರಶ್ನೆ. ಬಾಗದಂತೆ ನೋಡಿಕೊಳ್ಳುವುದು ಸುಲಭ. ಗೋಡೆಗೆ ಒರಗಿಸಿ ಇಡಬೇಡಿ. ಬಟ್ಟೆಯ ಚೀಲದಲ್ಲಿ ಹಾಕಿ ಮೊಳೆಗೆ ತೂಗುಹಾಕಿ. ನೀರಿನಿಂದ ಬಂದ ಮೇಲೆ ಒರೆಸಿ, ರಾತ್ರಿಯೆಲ್ಲ ಗಾಳಿಗೆ ಬಿಟ್ಟು, ಮರುದಿನ ಕೋಲಿಡುವ ಕೊಳವೆಗೆ ಹಾಕಿ. ಒದ್ದೆ ಚೀಲವನ್ನು ಮುಚ್ಚಿದ ಕೊಳವೆಯಲ್ಲಿ ಇಟ್ಟರೆ ವಾರ್ನಿಷ್ ಗುಳ್ಳೆ ಏಳುತ್ತದೆ. ಆದರೂ ಸ್ವಲ್ಪ ಬಾಗಿದ್ದರೆ ಆ ಜಾಗವನ್ನು ಹೀಟ್ ಗನ್ನಿನ ಕಡಿಮೆ ಶಾಖದಲ್ಲಿ, ಕೈಗೆ ತಡೆಯುವಷ್ಟೇ ಬಿಸಿ ಮಾಡಿ, ಎದುರು ದಿಕ್ಕಿಗೆ ಮೆಲ್ಲನೆ ಒತ್ತಿ ಹಿಡಿದು ತಣ್ಣಗಾಗಲು ಬಿಡಿ. ಒಂದೇ ಸಲಕ್ಕೆ ಪೂರ್ತಿ ನೆಟ್ಟಗೆ ಮಾಡಲು ಹೋಗಬೇಡಿ, ಉಳಿದದ್ದನ್ನು ಮರುದಿನ ಮಾಡಿ.